ದಾಳಿಂಬೆಯ ಅಂಗಮಾರಿ ಮತ್ತು ಒಂದು ಸೂಕ್ಷ್ಮಜೀವಿಯ ನಾಮಕರಣ

ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳ ದಾಳಿಂಬೆ ಬೆಳೆಗಾರರಿಗೆ ದುಂಡಾಣು ಅಂಗಮಾರಿಯನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಎಲೆಕಾಯಿಗಳ ಮೇಲೆ ಎಣ್ಣೆ ಸವರಿದಂಥ ಕಲೆಗಳೆದ್ದು, ಕಾಯಿ ಸೀಳಿ, ಬೇಸತ್ತ ರೈತರು ತೋಟಗಳನ್ನೇ ಕಿತ್ತುಹಾಕಿದ್ದುಂಟು. ಮಹಾರಾಷ್ಟ್ರದಲ್ಲಿ ಇದಕ್ಕೆ ‘ತೇಲ್ಯಾ’ ಎಂದು ಹೆಸರು. ಇದನ್ನು ತರುವ ಜೀವಿ ಯಾವ ಕುಲದ್ದು, ಯಾವ ಪ್ರಭೇದದ್ದು ಎಂಬುದು ಪಂಡಿತರ ಗೋಷ್ಠಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಶಿಲೀಂಧ್ರಕ್ಕೆ ಮಾತ್ರ ನಾಟುವ ಔಷಧವನ್ನು ಬ್ಯಾಕ್ಟೀರಿಯಕ್ಕೆ ಸಿಂಪಡಿಸಿದರೆ ಹಣ ನೀರುಪಾಲು.

ಈ ರೋಗವನ್ನು 1952ರಲ್ಲಿ ದೆಹಲಿಯಿಂದ ಹಿಂಗೋರಾನಿ ಮತ್ತು ಮೆಹತಾ ವರದಿ ಮಾಡಿದರು. 1959ರಲ್ಲಿ ಹಿಂಗೋರಾನಿ ಮತ್ತು ಸಿಂಗ್ ಇದರ ಕಾರಕವನ್ನು ಹೊಸ ಪ್ರಭೇದವೆಂದು ಸಾರಿ ‘ಕ್ಸಾಂತೊಮೊನಾಸ್ ಪ್ಯುನಿಸೀ’ ಎಂದು ಹೆಸರಿಟ್ಟರು. ದಾಳಿಂಬೆಯ ಶಾಸ್ತ್ರೀಯ ನಾಮ ‘ಪ್ಯುನಿಕಾ’. ‘ಕ್ಸಾಂತೊಸ್’ ಎಂದರೆ ಗ್ರೀಕಿನಲ್ಲಿ ಹಳದಿ. ಇಂಥ ಜೀವಿಯನ್ನು ಗುರುತಿಸುವ ಕ್ರಮವು ಸರಳವಾದರೂ ತಾಳ್ಮೆಯನ್ನು ಬೇಡುತ್ತದೆ. ಕಲೆಯ ಅಂಚನ್ನು ಕತ್ತರಿಸಿ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ಯಾಕ್ಟೀರಿಯಗಳು ಹೊಗೆಯಂತೆ ಹೊರಹೊಮ್ಮುತ್ತವೆ. ಅಗರ್ ಮೇಲೆ ಬೆಳೆಸಿದಾಗ ಲೋಳೆಯಂಥ ಹಳದಿ ಗುಂಪುಗಳು ಕಾಣುತ್ತವೆ. ಗ್ರಾಂ ಪರೀಕ್ಷೆಯಲ್ಲಿ ಇವು ನೇರಳೆ ಬಣ್ಣವನ್ನು ಉಳಿಸಿಕೊಳ್ಳುವುದಿಲ್ಲ. ಕಡೆಗೆ ಶುದ್ಧವಾಗಿ ಬೆಳೆಸಿದ ಜೀವಿಯನ್ನು ಆರೋಗ್ಯವಂತ ಗಿಡಕ್ಕೆ ಸೋಂಕಿಸಿ, ಅದೇ ರೋಗ ಬಂದುದನ್ನು ಕಂಡು, ಅದೇ ಜೀವಿಯನ್ನು ಮತ್ತೆ ಬೇರ್ಪಡಿಸಬೇಕು. ಕೊನೆಯ ಈ ಹೆಜ್ಜೆಯೇ ಎಲ್ಲಕ್ಕಿಂತ ಬಲವಾದ ಪುರಾವೆ.

ಆದರೆ ಆ ಕಾಲದ ಪದ್ಧತಿಯಲ್ಲೊಂದು ಕುಂದಿತ್ತು. ಹೊಸ ಗಿಡದಲ್ಲಿ ರೋಗ ಕಂಡರೆ ಹೊಸ ಪ್ರಭೇದವೆಂದು ಹೆಸರಿಡುವುದು ವಾಡಿಕೆ. ಧಾರವಾಡ ಸೀಮೆಯೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ, ಪುಣೆಯ ಎಂ. ಕೆ. ಪಟೇಲ್ ಮತ್ತು ಸಹೋದ್ಯೋಗಿಗಳು ಹೀಗೆ ಅನೇಕ ಕ್ಸಾಂತೊಮೊನಾಸ್‌ಗಳನ್ನು ವರ್ಣಿಸಿದರು. ಅವರ ಕ್ಷೇತ್ರಕಾರ್ಯದ ಬೆಲೆ ಇದರಿಂದ ಕುಗ್ಗುವುದಿಲ್ಲ. ಆದರೆ ಗಿಡದಿಂದ ಬೇರ್ಪಡಿಸಿ ಪ್ರಯೋಗಶಾಲೆಯಲ್ಲಿಟ್ಟರೆ ಇವುಗಳಲ್ಲಿ ಹಲವನ್ನು ಒಂದರಿಂದೊಂದು ಪ್ರತ್ಯೇಕಿಸಲಾಗುತ್ತಿರಲಿಲ್ಲ. 1980ರಲ್ಲಿ ಬ್ಯಾಕ್ಟೀರಿಯ ನಾಮಗಳ ಅಂಗೀಕೃತ ಪಟ್ಟಿ ಹೊರಬಂದಾಗ ಇಂಥ ನೂರಕ್ಕೂ ಮಿಕ್ಕಿದ ಹೆಸರುಗಳು ಪ್ರಭೇದದ ಪದವಿಯನ್ನು ಕಳೆದುಕೊಂಡು, ‘ಕ್ಯಾಂಪೆಸ್ಟ್ರಿಸ್’ ಎಂಬ ಒಂದೇ ಪ್ರಭೇದದ ‘ಪ್ಯಾಥೊವಾರ್’ಗಳಾದವು, ಎಂದರೆ, ಸೋಂಕಿಸುವ ಗಿಡವನ್ನನುಸರಿಸಿ ಪ್ರಭೇದದೊಳಗೆ ಮಾಡಿದ ಪಂಗಡಗಳು. ‘ಪ್ಯುನಿಸೀ’ಯೂ ಅವುಗಳಲ್ಲೊಂದು.

ಅಷ್ಟಕ್ಕೇ ಮುಗಿಯಲಿಲ್ಲ. 1995ರಲ್ಲಿ ಡಿಎನ್‌ಎಗಳನ್ನು ಪರಸ್ಪರ ಹೋಲಿಸಿ ಕುಲವನ್ನು 20 ಪ್ರಭೇದಗಳಾಗಿ ವಿಂಗಡಿಸಿದಾಗ ದಾಳಿಂಬೆಯ ಜೀವಿ ‘ಆಕ್ಸೊನೊಪೊಡಿಸ್’ಗೆ ಸೇರಿತು, ಮುಂದೆ ‘ಸಿಟ್ರಿ’ ಪ್ರಭೇದಕ್ಕೆ ಬಂದಿತು. ಇಂಡಿಯ ನಿಂಬೆತೋಟಗಳಿಗೆ ಪರಿಚಿತವಾದ ಕಜ್ಜಿರೋಗದ ಬ್ಯಾಕ್ಟೀರಿಯವೂ ಇದೇ ‘ಸಿಟ್ರಿ’! ಪ್ರಭೇದ ಒಂದಾದರೂ ಪಂಗಡಗಳು ಬೇರೆ. ಆದ್ದರಿಂದ ದಾಳಿಂಬೆ ಬೆಳೆದವನು ನೆರೆಹೊಲದ ನಿಂಬೆಯನ್ನು ಶಂಕಿಸಬೇಕಿಲ್ಲ. ಅವನು ಶಂಕಿಸಬೇಕಾದುದು ರೋಗವಿದ್ದ ತೋಟದಿಂದ ತಂದ ಗೂಟಿ ಸಸಿಗಳನ್ನು, ಮಳೆಹನಿಗಳ ಸಿಡಿತವನ್ನು, ಗಿಡದಿಂದ ಗಿಡಕ್ಕೆ ತೊಳೆಯದೆ ಒಯ್ಯುವ ಸವರುಗತ್ತರಿಯನ್ನು.