ಪ್ರಯಾಣದಲ್ಲಿ ಮಗುವಿಗೆ ವಾಂತಿಭೇದಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ರಾತ್ರಿಯ ರೈಲಿನಲ್ಲಿ ನಾವು ಪ್ರಯಾಣ ಮಾಡುತ್ತಿದ್ದೇವೆಂದು ಭಾವಿಸೋಣ. ಗಾಡಿ ಅರಸೀಕೆರೆಯನ್ನು ದಾಟಿದೆ; ನಡುರಾತ್ರಿ ಮೀರಿದೆ. ಎದುರಿಗೆ ಮಲಗಿದ್ದ ಒಂದೂವರೆ ವರ್ಷದ ಮಗು ಒಮ್ಮಿಂದೊಮ್ಮೆಗೆ ಎದ್ದು ವಾಂತಿ ಮಾಡಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ನೀರಿನಂತಹ ಭೇದಿ ಎರಡು ಬಾರಿ ಆಗುತ್ತದೆ. ತಂದೆತಾಯಿಗಳಿಗೆ ಕೈಕಾಲು ಆಡದಂತಾಗಿದೆ. ಹಿರಿಯರೊಬ್ಬರು, “ನೀರು ಕೊಡಬೇಡಿ, ಕೊಟ್ಟಷ್ಟೂ ಭೇದಿ ಹೆಚ್ಚುತ್ತದೆ” ಎಂದು ಬುದ್ಧಿ ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಮಾತನ್ನು ಪಾಲಿಸಿದರೆ ಮಗುವಿನ ಪ್ರಾಣಕ್ಕೇ ಸಂಚಕಾರ ಬಂದೀತು. ಏಕೆಂಬುದನ್ನು ವಿಚಾರ ಮಾಡೋಣ.

ವಾಂತಿಭೇದಿಯಲ್ಲಿ ಮಗುವನ್ನು ಬೇಗನೆ ಕೊಲ್ಲುವುದು ಬಹುಮಟ್ಟಿಗೆ ಜಲನಷ್ಟ. ದೇಹದ ತೂಕದಲ್ಲಿ ನೂರಕ್ಕೆ 5 ಪಾಲಿನಷ್ಟು ನೀರು ಹೋದಾಗ ಬಳಲಿಕೆಯ ಚಿಹ್ನೆಗಳು ಕಾಣುತ್ತವೆ. 10 ಪಾಲು ಹೋದರೆ ರಕ್ತಸಂಚಾರವೇ ಕುಸಿಯುವ ಅಪಾಯವುಂಟು. 60 ಕಿಲೋಗ್ರಾಂ ತೂಗುವ ವಯಸ್ಕನಿಗೆ ಈ 10 ಪಾಲೆಂದರೆ 6 ಲೀಟರು. 10 ಕಿಲೋಗ್ರಾಂ ತೂಗುವ ಮಗುವಿಗಾದರೋ ಕೇವಲ 1 ಲೀಟರು. ಎಂದರೆ ನಾವು ನಿಲ್ದಾಣದಲ್ಲಿ ಕೊಳ್ಳುವ ಒಂದು ಸೀಸೆಯ ನೀರು! ದೊಡ್ಡವರು ತಡೆದುಕೊಳ್ಳಬಲ್ಲ ಕಾಯಿಲೆ ಶಿಶುವನ್ನು ಕೆಲವೇ ಗಂಟೆಗಳಲ್ಲಿ ಕೆಡವುವುದಕ್ಕೆ ಇದೇ ಮುಖ್ಯ ಕಾರಣ.

ಹಾಗಾದರೆ ಬರಿಯ ನೀರನ್ನು ಕುಡಿಸಿದರೆ ಸಾಲದೆ? ಸಾಲದು. ಭೇದಿಯಲ್ಲಿ ನೀರಿನೊಡನೆ ಲವಣಗಳೂ ಹೋಗುತ್ತವೆ. ಅಷ್ಟೇ ಅಲ್ಲ, ರೋಗ ತಗುಲಿದ ಕರುಳು ಉಪ್ಪುನೀರನ್ನು ಎಂದಿನಂತೆ ಹೀರಿಕೊಳ್ಳಲಾರದು. ಆದರೆ ಪ್ರಕೃತಿಯು ಕರುಳಿನ ಗೋಡೆಯಲ್ಲಿ ಇನ್ನೊಂದು ಬಾಗಿಲನ್ನು ಇರಿಸಿದೆ. ಗ್ಲೂಕೋಸ್ ಎಂಬ ಸರಳ ಸಕ್ಕರೆಯ ಅಣುವೂ ಸೋಡಿಯಂ ಅಯಾನುಗಳೂ ಜೊತೆಗೂಡಿದಾಗ ಈ ಬಾಗಿಲು ಅವುಗಳನ್ನು ಒಟ್ಟಿಗೆ ಒಳಕ್ಕೆ ಬಿಡುತ್ತದೆ. ಅವುಗಳ ಹಿಂದೆಯೇ ನೀರೂ ಸೇರುತ್ತದೆ. ಭೇದಿಯ ಕಾಲದಲ್ಲಿಯೂ ಈ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ. ಸಕ್ಕರೆ ಮತ್ತು ಸೋಡಿಯಮ್ಮಿನ ಈ ಜೋಡಿ ಸಾಗಣೆಯ ವಿಚಾರವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ಮಂಡಿಸಿದನು.

ಈ ತತ್ತ್ವದ ಸತ್ವಪರೀಕ್ಷೆ ನಮ್ಮ ದೇಶದಲ್ಲಿಯೇ ನಡೆಯಿತು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಗಡಿಯ ಬನಗಾಂವಿನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹರಿಸುವ ಲವಣದ್ರಾವಣ ಮುಗಿಯುತ್ತ ಬಂದಿತು. ಆಗ ಡಾಕ್ಟರ್ ದಿಲೀಪ್ ಮಹಲನೋಬಿಸರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರ ಸಮೀಪದಲ್ಲಿದ್ದ ಸಾವು 3.6ಕ್ಕೆ ಇಳಿಯಿತು. ವೈದ್ಯರಲ್ಲದವರೂ ಈ ಚಿಕಿತ್ಸೆಯನ್ನು ಮಾಡಬಲ್ಲರೆಂಬುದು ಅಂದು ಸ್ಥಿರಪಟ್ಟಿತು.

ಈಗ ನಮ್ಮ ರೈಲಿಗೆ ಹಿಂದಿರುಗೋಣ. ಔಷಧದಂಗಡಿಗಳಲ್ಲಿ ದೊರೆಯುವ ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವು ಸಾಮಾನ್ಯವಾಗಿ 1 ಲೀಟರು ನೀರಿಗೆ ಅಳತೆ ಮಾಡಿದ್ದು. ಒಡೆಯದ ಒಂದು ಲೀಟರಿನ ನೀರಿನ ಸೀಸೆಯಿದ್ದರೆ ಅಳತೆಪಾತ್ರೆಯೇ ಬೇಡ. ಪುಡಿಯನ್ನೆಲ್ಲ ಅದರಲ್ಲಿ ಕರಗಿಸಿದರಾಯಿತು. ಪೊಟ್ಟಣ ಚಿಕ್ಕದಾದರೆ ಅದರ ಮೇಲೆ ಬರೆದಷ್ಟೇ ನೀರನ್ನು ಬಳಸತಕ್ಕದ್ದು. ಪೊಟ್ಟಣವೇ ಇಲ್ಲದಿದ್ದರೆ 1 ಲೀಟರು ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ಹೆಚ್ಚಾದರೆ ಅದು ನೀರನ್ನು ಕರುಳಿಗೆ ಸೆಳೆದು ಭೇದಿಯನ್ನು ಬೆಳೆಸುತ್ತದೆ. ಸಿಹಿ ಪಾನೀಯಗಳು ಈ ಹೊತ್ತಿಗೆ ತಕ್ಕವಲ್ಲದಿರುವುದೂ ಇದರಿಂದಲೇ.

ಕುಡಿದದ್ದನ್ನೆಲ್ಲ ಮಗು ಕಕ್ಕಿದರೆ? ಹತ್ತು ನಿಮಿಷ ತಡೆದು, ಎರಡು ಮೂರು ನಿಮಿಷಕ್ಕೆ ಒಂದರಂತೆ ಚಮಚದಿಂದ ಕೊಡಬೇಕು. ಒಂದು ಚಮಚದಿಂದ ಆಗುವುದೇನೆಂದು ನಿರಾಶರಾಗಬಾರದು. ಲೆಕ್ಕ ಮಾಡಿ ನೋಡಿ: ಚಮಚವೊಂದಕ್ಕೆ 5 ಮಿಲಿಲೀಟರು, ಎರಡು ನಿಮಿಷಕ್ಕೊಂದಾದರೆ ಗಂಟೆಗೆ 30 ಚಮಚ, ಎಂದರೆ 150 ಮಿಲಿಲೀಟರು. ನಾಲ್ಕು ಗಂಟೆಗಳಲ್ಲಿ 600 ಮಿಲಿಲೀಟರು ಮಗುವಿನ ಹೊಟ್ಟೆಗೆ ಸೇರಿತು! ವಾಂತಿ ತಗ್ಗಿದ ಬಳಿಕ, ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರು ಕುಡಿಸಬೇಕು. ಮೊಲೆಹಾಲನ್ನು ನಿಲ್ಲಿಸಬಾರದು. ದೊಡ್ಡವರ ಭೇದಿಯ ಮಾತ್ರೆಗಳನ್ನು ಮಗುವಿಗೆ ಕೊಡಲೇ ಕೂಡದು.

ಚಮಚಕ್ಕೂ ಒಂದು ಮಿತಿಯುಂಟು. ಮಗು ಮಂಕಾಗಿ ಎಚ್ಚರಿಸಿದರೂ ಏಳದಿದ್ದರೆ, ಕುಡಿಯಲಾರದಿದ್ದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆಗಳಿಂದ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಇಲ್ಲವೆ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಮೆಲ್ಲಗೆ ಮರಳಿದರೆ, ಊರು ಸೇರುವವರೆಗೆ ಕಾಯಬಾರದು. ಟಿಕೆಟ್ ಪರೀಕ್ಷಕರಿಗೆ ತಿಳಿಸಿ, ರೈಲ್ವೆಯ 139 ಸಂಖ್ಯೆಗೆ ಕರೆಮಾಡಿ, ಮುಂದಿನ ನಿಲ್ದಾಣದಲ್ಲಿ ವೈದ್ಯರ ನೆರವನ್ನು ಕೇಳಬೇಕು. ಬಸ್ಸಿನಲ್ಲಿದ್ದರೆ ಇಳಿದು 108ಕ್ಕೆ ಕರೆಮಾಡಬೇಕು. ಮಗು ನುಂಗಬಲ್ಲದಾದರೆ ದಾರಿಯಲ್ಲಿಯೂ ಚಮಚ ನಿಲ್ಲದಿರಲಿ.

ವಿದ್ಯಾರ್ಥಿಗಳಾದ ನೀವು ಮನೆಯವರೊಡನೆ ಪ್ರಯಾಣ ಹೊರಡುವಾಗ ಬಟ್ಟೆಬರೆಗಳ ನಡುವೆ ಎರಡು ಪೊಟ್ಟಣ ಪುಡಿಯನ್ನೂ ಒಂದು ಚಮಚವನ್ನೂ ಇರಿಸಿಕೊಳ್ಳಿ. “ನೀರು ಕೊಡಬೇಡಿ” ಎಂಬ ಮಾತು ಕೇಳಿಬಂದಾಗ ಹಿರಿಯರಿಗೆ ವಿನಯದಿಂದಲೇ ಕಾರಣವನ್ನು ವಿವರಿಸಿ, ಚಮಚವನ್ನು ಕೈಗೆತ್ತಿಕೊಳ್ಳಿ. ನೀವು ಕಲಿತ ವಿಜ್ಞಾನ ಆ ರಾತ್ರಿ ಒಂದು ಜೀವಕ್ಕೆ ಆಸರೆಯಾದೀತು.