ಬಿಸಿಲು ಕುಡಿಯುವ ನೀರಿನ ಲೆಕ್ಕ

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಬೇಸಾಯ. ಐದು ವರ್ಷದ ಹಿಂದೆ ಸಾಲ ಮಾಡಿ ಕೃಷಿ ಹೊಂಡ ತೆಗೆಸಿ, ಪ್ಲಾಸ್ಟಿಕ್ ಹಾಳೆ ಹಾಸಿಸಿದೆ. ಅಕ್ಟೋಬರಿನಲ್ಲಿ ಎಂಟಡಿ ನೀರು ನಿಂತಿತು. ದಾಳಿಂಬೆ ಸಸಿಗೆ ಬೇಸಿಗೆ ಪೂರ್ತಿ ಸಾಕು ಅಂದುಕೊಂಡೆ. ಯುಗಾದಿ ಹೊತ್ತಿಗೇ ತಳ ಕಂಡಿತು! ಸಸಿಗೆ ಎತ್ತಿದ್ದು ಐದಡಿ. ಉಳಿದ ಮೂರಡಿ ಎಲ್ಲಿ ಹೋಯ್ತು? ಹಾಳೆ ತೂತಾಗಿದೆ ಅಂತ ಹಾಸಿದವರ ಜೊತೆ ಜಗಳ ಆಡಿದೆ. ಹುಡುಕಿದರೆ ಒಂದು ತೂತೂ ಇಲ್ಲ. ಅರವತ್ತು ಸಸಿ ಒಣಗಿದವು.

ಕಳ್ಳ ಯಾರು ಅಂತ ಆಮೇಲೆ ಒಂದು ತರಬೇತಿಯಲ್ಲಿ ತಿಳಿಯಿತು: ಬಿಸಿಲು!

ಒಂದು ಊರು ಒಣ ಪ್ರದೇಶವೋ ಅಲ್ಲವೋ ಅಂತ ಬರೀ ಮಳೆ ನೋಡಿ ಹೇಳುವಂತಿಲ್ಲ. ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ನಮಗಿಂತ ತುಸು ಜಾಸ್ತಿ ಅಷ್ಟೆ. ಆದರೂ ಅಲ್ಲಿ ಹಸಿರು. ಬಿಸಿಲು ಕಡಿಮೆ, ನೀರು ಆರುವುದೂ ಕಡಿಮೆ.

ನೆಲದಲ್ಲಿ ಬೇಕಾದಷ್ಟು ತೇವ ಇದ್ದರೆ, ಮಣ್ಣು ಮತ್ತು ಗಿಡದಿಂದ ವರ್ಷಕ್ಕೆ ಎಷ್ಟು ನೀರು ಆವಿಯಾಗಬಲ್ಲದು? ಈ ಲೆಕ್ಕವನ್ನು 1948ರಲ್ಲಿ ಅಮೆರಿಕದ ಥಾರ್ನ್‌ತ್ವೇಟ್ ಎಂಬುವರು ಮುಂದಿಟ್ಟರು. ನಾನು ಅದನ್ನು ‘ಬಿಸಿಲಿನ ಬೇಡಿಕೆ’ ಅನ್ನುತ್ತೇನೆ. ಮಳೆಯನ್ನು ಈ ಬೇಡಿಕೆಯಿಂದ ಭಾಗಿಸಬೇಕು. ವಿಶ್ವಸಂಸ್ಥೆಯವರ ವಿಂಗಡಣೆ ಹೀಗಿದೆ:

0.05ಕ್ಕಿಂತ ಕಡಿಮೆ – ಅತಿ ಒಣ (ಸಹಾರಾದ ನಡುಭಾಗ)
0.05ರಿಂದ 0.20 – ಒಣ (ಜೈಸಲ್ಮೇರ್ ಕಡೆ)
0.20ರಿಂದ 0.50 – ಅರೆ ಒಣ
0.50ರಿಂದ 0.65 – ಒಣ ಕಡೆಗೆ ವಾಲಿದ ಅರೆ ತೇವ

ಇನ್ನು ನಮ್ಮ ಲೆಕ್ಕ ಹಾಕೋಣ. ಮಳೆ 480 ಮಿ.ಮೀ., ಬೇಡಿಕೆ 1600 ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 0.30. ಅಂದರೆ ಅರೆ ಒಣ. ಮೂರು ಕೊಡ ಕೇಳುವ ಬಿಸಿಲಿಗೆ ನಮ್ಮ ಮಳೆ ಕೊಡುವುದು ಒಂದೇ ಕೊಡ!

ನೀವೂ ಪರೀಕ್ಷೆ ಮಾಡಬಹುದು. ನೇರ ಅಂಚಿನ ಅಗಲ ಪಾತ್ರೆಗೆ ನೀರು ತುಂಬಿ, ಕಾಗೆ ಕುಡಿಯದಂತೆ ಜಾಲರಿ ಮುಚ್ಚಿ ಬಯಲಲ್ಲಿಡಿ. ದಿನಾ ಬೆಳಿಗ್ಗೆ ಅಡಿಪಟ್ಟಿಯಿಂದ ಅಳೆಯಿರಿ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮೂರೇ ದಿನಕ್ಕೆ ಒಂದಿಂಚು ಇಳಿಯಿತು. ಸಣ್ಣ ಪಾತ್ರೆ ಬೇಗ ಕಾಯುವುದರಿಂದ ಹೊಂಡಕ್ಕಿಂತ ತುಸು ಹೆಚ್ಚೇ ತೋರಿಸುತ್ತೆ, ಅದು ನೆನಪಿರಲಿ.

ಈಗ ನಾನು ಹೊಂಡದ ನೀರನ್ನು ಬೇಸಿಗೆಗೆ ಅಂತ ಕೂಡಿಡುವುದಿಲ್ಲ. ಮಳೆಗಾಲದಲ್ಲೇ ಮಳೆ ಕೈಕೊಟ್ಟಾಗ, ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಒಂದು ನೀರು ಕೊಟ್ಟುಬಿಡುತ್ತೇನೆ. ಉಳಿದ ಸಸಿಗಳ ಬುಡಕ್ಕೆ ಶೇಂಗಾ ಹೊಟ್ಟು ಹೊದಿಸಿದ್ದೇನೆ. ಕೂಡಿಟ್ಟರೆ ಬಿಸಿಲಿನ ಪಾಲು, ಹೊತ್ತಿಗೆ ಕೊಟ್ಟರೆ ಬೆಳೆಯ ಪಾಲು.

ಅಂದಹಾಗೆ, ಹಾಳೆ ಹಾಸಿದವರ ಮನೆಗೆ ಹೋಗಿ ತಪ್ಪಾಯ್ತು ಅಂದು ಬಂದೆ.