ಹಳೆಯ ಗಣಕಯಂತ್ರಕ್ಕೆ ಹೊಸ ವೇಗ: ಒಂದು ಪರಿಶೀಲನೆ

ಗಣಕಯಂತ್ರವು ಇಂದು ಶಾಲೆಗಳಿಗೆ ಅಪರೂಪದ ವಸ್ತುವಲ್ಲ. ಆದರೆ ಹೊಸ ಗಣಕಯಂತ್ರವು ನಮ್ಮಂಥ ಶಾಲೆಗಳಿಗೆ ಇಂದಿಗೂ ಅಪರೂಪವೇ ಸರಿ. ಹಳೆಯ ವಿದ್ಯಾರ್ಥಿಗಳೂ ಉದಾರಿಗಳಾದ ದಾನಿಗಳೂ ತಮ್ಮ ಕಚೇರಿಗಳಲ್ಲಿ ಬಳಸಿದ ಯಂತ್ರಗಳನ್ನು ಪ್ರೀತಿಯಿಂದ ತಂದುಕೊಡುತ್ತಾರೆ. ನಾವು ಅಷ್ಟೇ ಪ್ರೀತಿಯಿಂದ ಬರಮಾಡಿಕೊಂಡು ಅವನ್ನು ಮಕ್ಕಳ ಮುಂದಿಡುತ್ತೇವೆ. ಕೆಲವೇ ದಿನಗಳಲ್ಲಿ ಒಂದು ದೂರು ಕೇಳಿಬರುತ್ತದೆ: “ಸಾರ್, ಇದು ಬಹಳ ನಿಧಾನ.”

ಈ ದೂರಿಗೆ ತಿಳಿದವರು ಎರಡು ಪರಿಹಾರಗಳನ್ನು ಸೂಚಿಸುವುದುಂಟು. ಮೊದಲನೆಯದು, ಯಂತ್ರದ ಮಿದುಳೆನಿಸಿದ ಪ್ರೊಸೆಸರನ್ನು ತೆಗೆದು ಅದಕ್ಕಿಂತ ಸಮರ್ಥವಾದುದನ್ನು ಕೂರಿಸುವುದು. ಎರಡನೆಯದು, ಇರುವ ಪ್ರೊಸೆಸರನ್ನೇ ಅದರ ನಿಗದಿತ ವೇಗವನ್ನು ಮೀರಿ ಓಡಿಸುವುದು. ಇದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ನಮ್ಮ ಗಣಕ ಕೊಠಡಿಯಲ್ಲಿ ಇವೆರಡನ್ನೂ ಮಾಡಿ ನೋಡಿ, ಒಂದರಿಂದ ಲಾಭವನ್ನೂ ಇನ್ನೊಂದರಿಂದ ಪಾಠವನ್ನೂ ಪಡೆದದ್ದಾಯಿತು. ಆ ಅನುಭವವನ್ನು ಅದರ ಹಿಂದಿರುವ ಶಾಸ್ತ್ರದೊಡನೆ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ವೇಗವೆಂದರೇನು?

ಪ್ರೊಸೆಸರಿನ ಕೆಲಸವೆಲ್ಲ ತಾಳಬದ್ಧವಾದುದು. ಮದರ್‌ಬೋರ್ಡಿನ ಮೇಲಿರುವ ಒಂದು ಸ್ಫಟಿಕವು ಸಮಾನ ಅಂತರದಲ್ಲಿ ಮಿಡಿಯುತ್ತದೆ. ಆ ಮಿಡಿತಕ್ಕೆ ಅನುಸಾರವಾಗಿ ಒಳಗಿನ ಲಕ್ಷಾಂತರ ಸ್ವಿಚ್ಚುಗಳು ತೆರೆದು ಮುಚ್ಚುತ್ತವೆ. ಸೆಕೆಂಡಿಗೆ ಹತ್ತು ಲಕ್ಷ ಮಿಡಿತವಾದರೆ ಒಂದು ಮೆಗಾಹರ್ಟ್ಸ್, ನೂರು ಕೋಟಿಯಾದರೆ ಒಂದು ಗಿಗಾಹರ್ಟ್ಸ್. 1984-85ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಶಾಲೆಗಳಿಗೆ ಮೊದಲು ಬಂದ ಬಿ.ಬಿ.ಸಿ. ಮೈಕ್ರೊ ಯಂತ್ರದ ವೇಗ 2 ಮೆಗಾಹರ್ಟ್ಸ್. ನಮಗೆ ದಾನವಾಗಿ ಬಂದ ಯಂತ್ರಗಳಲ್ಲಿದ್ದದ್ದು ಇಂಟೆಲ್ ಸಂಸ್ಥೆಯು 2007ರಲ್ಲಿ ಹೊರತಂದ ಪೆಂಟಿಯಂ ಡ್ಯುಯಲ್-ಕೋರ್ ಇ2140. ಅದರ ವೇಗ 1.6 ಗಿಗಾಹರ್ಟ್ಸ್, ಎಂದರೆ ಮೊದಲಿನದರ 800 ಪಟ್ಟು. ಹೀಗಿದ್ದೂ ಅದು ಇಂದಿನ ಮಕ್ಕಳಿಗೆ ನಿಧಾನವೆನಿಸಿತು.

ಆ ಕಾಲದ ಪ್ರೊಸೆಸರಿನ ವೇಗವು ಎರಡು ಸಂಖ್ಯೆಗಳ ಗುಣಲಬ್ಧ. ಮದರ್‌ಬೋರ್ಡು ನೀಡುವ ಮೂಲ ಮಿಡಿತ ಒಂದು, ಪ್ರೊಸೆಸರು ಅದನ್ನು ಎಷ್ಟು ಪಟ್ಟು ಮಾಡಿಕೊಳ್ಳುತ್ತದೆಂಬ ಗುಣಕ ಇನ್ನೊಂದು. ಇ2140ರಲ್ಲಿ 200 ಮೆಗಾಹರ್ಟ್ಸ್ ಮೂಲ ಮಿಡಿತವನ್ನು 8ರಿಂದ ಗುಣಿಸಿದರೆ 1600 ದೊರೆಯುತ್ತದೆ. ಗುಣಕವನ್ನು ಮೇಲಕ್ಕೆ ಏರಿಸಲಾಗದಂತೆ ತಯಾರಕರು ಬೀಗ ಹಾಕಿರುತ್ತಾರೆ. ಮೂಲ ಮಿಡಿತವನ್ನು ಮಾತ್ರ ಬಯಾಸ್ ಎಂಬ ಆರಂಭಿಕ ತಂತ್ರಾಂಶದಲ್ಲಿ, ಮದರ್‌ಬೋರ್ಡು ಅವಕಾಶ ಕೊಟ್ಟರೆ, ಬದಲಿಸಬಹುದು. 200ನ್ನು 266 ಮಾಡಿದರೆ ವೇಗವು ಸುಮಾರು 2130 ಮೆಗಾಹರ್ಟ್ಸ್ ಆಗುತ್ತದೆ. ಒಂದು ಕಾಸಿನ ಖರ್ಚಿಲ್ಲದೆ ಮೂರರಲ್ಲೊಂದು ಪಾಲು ಹೆಚ್ಚಳ! 1998ರಲ್ಲಿ ಬಂದ ಸೆಲೆರಾನ್ 300ಎ ಈ ವಿಷಯದಲ್ಲಿ ಜಗತ್ಪ್ರಸಿದ್ಧವಾಯಿತು. ಅದರ 66 ಮೆಗಾಹರ್ಟ್ಸ್ ಮಿಡಿತವನ್ನು 100ಕ್ಕೆ ಏರಿಸಿದೊಡನೆ 300ರ ಪ್ರೊಸೆಸರು 450ರದಾಗುತ್ತಿತ್ತು.

ಮಿಗುವ ಶಕ್ತಿ ಎಲ್ಲಿಂದ?

ತಯಾರಕರು ಇಷ್ಟು ಶಕ್ತಿಯನ್ನು ಬಳಸದೆ ಬಿಟ್ಟಿರುವುದೇಕೆ ಎಂಬ ಪ್ರಶ್ನೆ ಸಹಜ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರಿಗೆ ಉತ್ತರವು ಸುಲಭವಾಗಿ ಹೊಳೆಯುತ್ತದೆ. ಒಂದೇ ಹೊಲದಲ್ಲಿ ಬೆಳೆದರೂ ಎಲ್ಲ ಕಾಯಿಗಳೂ ಒಂದೇ ಸಮನಲ್ಲ. ವ್ಯಾಪಾರಿಯು ಅವನ್ನು ಆರಿಸಿ ಬೇರೆ ಬೇರೆ ರಾಶಿ ಮಾಡಿ ಬೇರೆ ಬೇರೆ ಬೆಲೆ ಹೇಳುತ್ತಾನೆ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಪ್ರೊಸೆಸರುಗಳೂ ಹೀಗೆಯೇ. ತಯಾರಕರು ಪರೀಕ್ಷಿಸಿ, ವೇಗಕ್ಕೆ ತಕ್ಕ ಹೆಸರಿಟ್ಟು ವಿಂಗಡಿಸುತ್ತಾರೆ. ಅಗ್ಗದ ರಾಶಿಗೆ ಬೇಡಿಕೆ ಹೆಚ್ಚಿದಾಗ ಒಳ್ಳೆಯ ಕಾಯಿಗಳೂ ಅದರಲ್ಲಿ ಸೇರಿಹೋಗುವುದುಂಟು. ಅಲ್ಲದೆ ಬಿಸಿಲು, ಧೂಳು, ಏರಿಳಿಯುವ ವಿದ್ಯುತ್ತು ಇವೆಲ್ಲವನ್ನೂ ತಾಳಿಕೊಂಡು ಹಲವು ವರ್ಷ ತಪ್ಪಿಲ್ಲದೆ ನಡೆಯಲೆಂದು ಸ್ವಲ್ಪ ಅವಕಾಶವನ್ನು ಉಳಿಸಿರುತ್ತಾರೆ. ಓವರ್‌ಕ್ಲಾಕಿಂಗ್ ಮಾಡುವವನು ಖರ್ಚು ಮಾಡುವುದು ಈ ಉಳಿತಾಯವನ್ನೇ. ಅದು ಬಿಟ್ಟಿ ಬಂದ ಹಣವಲ್ಲ, ಕಷ್ಟಕಾಲಕ್ಕೆಂದು ಇಟ್ಟ ಗಂಟು.

ಶಾಖದ ಲೆಕ್ಕ

ಪ್ರೊಸೆಸರು ಬಳಸುವ ವಿದ್ಯುಚ್ಛಕ್ತಿಯು ವೇಗದ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜಿನ ವಿಷಯದಲ್ಲಾದರೋ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗ ಹೆಚ್ಚಿಸಿದಾಗ ಯಂತ್ರ ಸ್ಥಿರವಾಗಿ ನಿಲ್ಲಲೆಂದು ಹಲವು ವೇಳೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ವೇಗವು ಶೇಕಡಾ 33, ವೋಲ್ಟೇಜು ಶೇಕಡಾ 10 ಏರಿತೆನ್ನೋಣ. 1.33ನ್ನು 1.21ರಿಂದ ಗುಣಿಸಿದರೆ ಸುಮಾರು 1.61. ಲೆಕ್ಕದ ಸೌಕರ್ಯಕ್ಕಾಗಿ ಪ್ರೊಸೆಸರು ತನ್ನ ವಿನ್ಯಾಸದ ಮಿತಿಯಾದ 65 ವ್ಯಾಟನ್ನು ಪೂರ್ತಿಯಾಗಿ ಬಳಸುತ್ತಿತ್ತೆಂದು ಭಾವಿಸಿದರೆ, ಈಗ ಅದು 105 ವ್ಯಾಟ್ ಬಳಸುತ್ತದೆ. ಇಷ್ಟೂ ಶಕ್ತಿಯು ಕೊನೆಗೆ ಶಾಖವಾಗಿಯೇ ಹೊರಬರುತ್ತದೆ.

ಮೇಲಿರುವ ಹೀಟ್‌ಸಿಂಕ್ ಮತ್ತು ಫ್ಯಾನು ಪ್ರತಿ ವ್ಯಾಟಿಗೆ 0.6 ಡಿಗ್ರಿಯಷ್ಟು ಶಾಖ ಉಳಿಸುತ್ತವೆಂದು ಇಟ್ಟುಕೊಳ್ಳೋಣ. ಮೊದಲು ಕೊಠಡಿಯ ಉಷ್ಣತೆಗಿಂತ 39 ಡಿಗ್ರಿ ಹೆಚ್ಚಿದ್ದದ್ದು ಈಗ 63 ಡಿಗ್ರಿ ಹೆಚ್ಚುತ್ತದೆ. ಡಿಸೆಂಬರಿನಲ್ಲಿ ಕೊಠಡಿ 22 ಡಿಗ್ರಿ ಇದ್ದರೆ ಪ್ರೊಸೆಸರು 85ರಲ್ಲಿರುತ್ತದೆ. ಏಪ್ರಿಲ್ ತಿಂಗಳಲ್ಲಿ ಕೊಠಡಿಯೇ 35 ಆದಾಗ ಅದು 98 ಮುಟ್ಟುತ್ತದೆ. ಬೆಂಗಳೂರಿನ ಹವೆ ತಂಪೆಂಬ ಹೆಗ್ಗಳಿಕೆಯು ತಗಡಿನ ಮಾಡಿನ ಕೆಳಗಿರುವ ಗಣಕ ಕೊಠಡಿಗೆ ಬೇಸಿಗೆಯಲ್ಲಿ ಅನ್ವಯಿಸುವುದಿಲ್ಲ. ಕಾದ ಸ್ವಿಚ್ಚುಗಳು ನಿಧಾನವಾಗುತ್ತವೆ. ಒಂದು ಮಿಡಿತದೊಳಗೆ ಮುಗಿಯಬೇಕಾದ ಕೆಲಸ ಮುಗಿಯುವ ಮುನ್ನವೇ ಮುಂದಿನ ಮಿಡಿತ ಬಂದುಬಿಡುತ್ತದೆ. ಆಗ ಒಂದಿರಬೇಕಾದ ಕಡೆ ಸೊನ್ನೆ ನಿಲ್ಲುತ್ತದೆ. ಯಂತ್ರವು ಒಡನೆಯೇ ನಿಂತುಹೋದರೆ ಪುಣ್ಯ. ನಿಲ್ಲದೆ, ತಪ್ಪನ್ನೇ ಸರಿಯೆಂದು ಬರೆದಿಟ್ಟರೆ ಅದು ಬಹುಕಾಲ ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ಅನುಭವ

ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ನಾನು ಮೂರು ಯಂತ್ರಗಳನ್ನು ಈ ರೀತಿ ವೇಗಗೊಳಿಸಿದೆ. ಅರ್ಧ ಗಂಟೆ ಪರೀಕ್ಷಿಸಿ, ಎಲ್ಲ ಸರಿಯಿದೆಯೆಂದು ತೃಪ್ತನಾದೆ. ಮಕ್ಕಳು ಸಂತೋಷಪಟ್ಟರು, ನನಗೂ ಹೆಮ್ಮೆಯೆನಿಸಿತೆಂಬುದನ್ನು ಮುಚ್ಚಿಡಲಾರೆ. ಮಾರ್ಚ್ ತಿಂಗಳಿನಲ್ಲಿ ಆ ಯಂತ್ರಗಳಲ್ಲೊಂದು ಪದೇ ಪದೇ ತಾನಾಗಿಯೇ ನಿಂತು ಮತ್ತೆ ಶುರುವಾಗತೊಡಗಿತು. ವಿದ್ಯುತ್ತಿನ ದೋಷವಿರಬೇಕೆಂದು ನಾನು ಅದನ್ನು ಉಪೇಕ್ಷಿಸಿದೆ.

ಚಾಮರಾಜಪೇಟೆಯಿಂದ ಬರುತ್ತಿದ್ದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹಾಡುತ್ತಿದ್ದ ಬೀಸುವ ಪದಗಳನ್ನು ಕೇಳಿ ಕೇಳಿ, ಚೀಟಿಗಳಲ್ಲಿ ಗುರುತು ಹಾಕಿಕೊಂಡು, ಅದೇ ಯಂತ್ರದಲ್ಲಿ ನುಡಿ ತಂತ್ರಾಂಶದ ನೆರವಿನಿಂದ ಕನ್ನಡದಲ್ಲಿ ಬರೆದಿಡುತ್ತಿದ್ದಳು. ಬೆರಳಚ್ಚು ಮುಗಿದಂತೆಲ್ಲ ಚೀಟಿಗಳನ್ನು ಎಸೆಯುತ್ತಿದ್ದಳು. ಒಂದು ಮಧ್ಯಾಹ್ನ ಆ ಕಡತ ತೆರೆಯಲೇ ಇಲ್ಲ. ಬಹಳ ಪ್ರಯತ್ನಪಟ್ಟ ಮೇಲೆ ಅರ್ಧದಷ್ಟು ಓದಲು ಸಿಕ್ಕಿತು. ಉಳಿದರ್ಧ ಅರ್ಥವಿಲ್ಲದ ಚಿಹ್ನೆಗಳಾಗಿತ್ತು. ಅದರ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ವೇಗವನ್ನು ಮೊದಲಿನ ಮಟ್ಟಕ್ಕೆ ಇಳಿಸಿದೊಡನೆ ಯಂತ್ರವು ಎಂದಿನಂತೆ ನಡೆಯಿತು. ದೋಷವು ವಿದ್ಯುತ್ತಿನದಲ್ಲವೆಂಬುದು ಆಗ ನನಗೆ ತಿಳಿಯಿತು. ಹುಡುಗಿಯು ಮತ್ತೆ ಅಜ್ಜಿಯ ಬಳಿ ಕುಳಿತಳು. ಕೆಲವು ಪದಗಳು ಆ ವೃದ್ಧೆಯ ನೆನಪಿಗೆ ಬಂದವು, ಕೆಲವು ಬರಲಿಲ್ಲ. ತಪ್ಪು ಯಂತ್ರದ್ದಲ್ಲ, ಅದನ್ನು ಕೊಟ್ಟವರದೂ ಅಲ್ಲ. ಇತರರ ದುಡಿಮೆಯನ್ನು ಹೊತ್ತ ಯಂತ್ರದ ಮೇಲೆ ನನ್ನ ಕುತೂಹಲವನ್ನು ಪ್ರಯೋಗಿಸಿದ್ದು ನನ್ನದೇ ತಪ್ಪು.

ನಿಧಾನದ ನಿಜವಾದ ಕಾರಣ

ಇದಾದ ಮೇಲೆ ಯಂತ್ರವು ಎಲ್ಲಿ ತಡಮಾಡುತ್ತದೆಂಬುದನ್ನು ಶಾಂತವಾಗಿ ಅಳೆದು ನೋಡಿದೆವು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಮಾಹಿತಿಯನ್ನು ಹುಡುಕಲು ಸರಾಸರಿ 13 ಮಿಲಿಸೆಕೆಂಡು ಬೇಕೆನ್ನಬಹುದು. ಅಷ್ಟರಲ್ಲಿ 1.6 ಗಿಗಾಹರ್ಟ್ಸ್ ಪ್ರೊಸೆಸರಿನಲ್ಲಿ ಸುಮಾರು ಎರಡು ಕೋಟಿ ಮಿಡಿತಗಳು ಕಳೆದುಹೋಗುತ್ತವೆ. ವೇಗವನ್ನು 2.13ಕ್ಕೆ ಏರಿಸಿದರೆ ಅದೇ ಕಾಯುವಿಕೆಯಲ್ಲಿ ಎರಡು ಮುಕ್ಕಾಲು ಕೋಟಿ ಮಿಡಿತಗಳು ವ್ಯರ್ಥವಾಗುತ್ತವೆ, ಅಷ್ಟೆ.

ಈ ತತ್ತ್ವವನ್ನು ಜೀನ್ ಆಮ್ಡಾಲ್ 1967ರಲ್ಲಿಯೇ ಮಂಡಿಸಿದ್ದರು: ಕೆಲಸದ ಒಂದು ಭಾಗವನ್ನು ಮಾತ್ರ ಚುರುಕುಗೊಳಿಸಿದರೆ ಒಟ್ಟು ಲಾಭಕ್ಕೆ ಉಳಿದ ಭಾಗವು ಮಿತಿ ಹಾಕುತ್ತದೆ. ಹತ್ತು ಸೆಕೆಂಡಿನ ಕೆಲಸವೊಂದರಲ್ಲಿ ಏಳು ಸೆಕೆಂಡು ಡಿಸ್ಕಿಗಾಗಿ ಕಾಯುವುದೂ ಮೂರು ಸೆಕೆಂಡು ಪ್ರೊಸೆಸರಿನ ದುಡಿಮೆಯೂ ಇದ್ದರೆ, ಓವರ್‌ಕ್ಲಾಕಿಂಗಿನಿಂದ ಮೂರು ಸೆಕೆಂಡು ಎರಡೂಕಾಲು ಆಗುತ್ತದೆ, ಒಟ್ಟು 9.25. ಹಾರ್ಡ್ ಡಿಸ್ಕಿನ ಬದಲು ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ. ಜೋಡಿಸಿ ಏಳು ಸೆಕೆಂಡಿನ ಕಾಯುವಿಕೆಯನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಒಟ್ಟು 3.7. ಯಾವುದು ಮೇಲೆಂದು ಐದನೆಯ ತರಗತಿಯ ಬಾಲಕನೂ ಹೇಳಬಲ್ಲ. ಆದುದರಿಂದ ಮೊದಲು ರ‍್ಯಾಮ್, ಬಳಿಕ ಎಸ್.ಎಸ್.ಡಿ., ಆಮೇಲೆ ಪ್ರೊಸೆಸರು ಎಂಬ ಕ್ರಮವನ್ನು ನಾವು ಅನುಸರಿಸಿದೆವು.

ಪ್ರೊಸೆಸರು ಬದಲಿಸುವ ಕ್ರಮ

ಪುರಭವನದಿಂದ ನಡೆದು ಹೋಗುವಷ್ಟು ಸಮೀಪದಲ್ಲಿರುವ ಸದರ್ ಪತ್ರಪ್ಪ ರಸ್ತೆ, ಜನರ ಬಾಯಲ್ಲಿ ಎಸ್.ಪಿ. ರಸ್ತೆ, ಗಣಕದ ಬಿಡಿಭಾಗಗಳಿಗೆ ಹೆಸರಾದ ಸ್ಥಳ. ಅಲ್ಲಿ ಹಳೆಯ ಪ್ರೊಸೆಸರುಗಳೂ ದೊರೆಯುತ್ತವೆ. ಆದರೆ ಕೊಳ್ಳುವ ಮುನ್ನ ತಿಳಿಯಬೇಕಾದುವು ಕೆಲವಿವೆ.

ಸಾಕೆಟ್ಟಿಗೆ ಹೊಂದಿದ ಮಾತ್ರಕ್ಕೆ ಪ್ರೊಸೆಸರು ನಡೆಯುತ್ತದೆಂದು ತಿಳಿಯಬಾರದು. ನಮ್ಮ ಯಂತ್ರಗಳ 775 ಮೊನೆಯ ಸಾಕೆಟ್ಟಿನಲ್ಲಿ ಹಲವು ತಲೆಮಾರಿನ ಪ್ರೊಸೆಸರುಗಳು ಕೂರುತ್ತವೆ. ಮದರ್‌ಬೋರ್ಡು ಒಪ್ಪುವುದು ಕೆಲವನ್ನು ಮಾತ್ರ. ಬೋರ್ಡಿನ ಹೆಸರನ್ನೂ ಆವೃತ್ತಿಯನ್ನೂ ಓದಿಕೊಂಡು, ತಯಾರಕರು ಪ್ರಕಟಿಸಿದ ಪಟ್ಟಿಯಲ್ಲಿ ನೋಡಬೇಕು. ನಮ್ಮ ಪಟ್ಟಿಯಲ್ಲಿ ಕೋರ್ 2 ಡ್ಯುಯೊ ಇ7500 ಇತ್ತು. ಅದರ ನಿಗದಿತ ವೇಗವೇ 2.93 ಗಿಗಾಹರ್ಟ್ಸ್, ಶಾಖದ ಮಿತಿ ಮೊದಲಿನ 65 ವ್ಯಾಟೇ. ನಾನು ಬಲವಂತದಿಂದ ಪಡೆದದ್ದಕ್ಕಿಂತ ಹೆಚ್ಚಿನದು ಇಲ್ಲಿ ನ್ಯಾಯವಾಗಿಯೇ ದೊರೆಯಿತು. ಕೊಳ್ಳುವಾಗ ಲೋಹದ ಮುಚ್ಚಳದ ಮೇಲೆ ಕೊರೆದ ಸಂಖ್ಯೆಯನ್ನು ಓದಬೇಕು, ಬಾಯಿಮಾತನ್ನು ನಂಬಬಾರದು.

ಕೆಲಸಕ್ಕೆ ಮೊದಲು ಎಲ್ಲ ಕಡತಗಳ ಪ್ರತಿ ತೆಗೆಯತಕ್ಕದ್ದು. ಬಯಾಸನ್ನು ನವೀಕರಿಸಬೇಕಾಗಿದ್ದರೆ ಹಳೆಯ ಪ್ರೊಸೆಸರು ಇರುವಾಗಲೇ, ಯು.ಪಿ.ಎಸ್. ಆಸರೆಯಲ್ಲಿ ಮಾಡಬೇಕು, ನಡುವೆ ವಿದ್ಯುತ್ತು ಹೋದರೆ ಬೋರ್ಡೇ ನಿರುಪಯೋಗಿಯಾಗುವ ಭಯವಿದೆ. ಅನಂತರ ವಿದ್ಯುತ್ ತಂತಿಯನ್ನು ಕಿತ್ತು, ಮೈಯಲ್ಲಿನ ಸ್ಥಾಯಿ ವಿದ್ಯುತ್ತು ಇಳಿಯುವಂತೆ ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಬೇಕು. ಫ್ಯಾನಿನ ನಾಲ್ಕು ಗುಬಟಗಳನ್ನು ಬಿಡಿಸಿ ಎತ್ತಬೇಕು. ಈ ಸಾಕೆಟ್ಟಿನ ಸೂಕ್ಷ್ಮ ಮೊನೆಗಳು ಬೋರ್ಡಿನಲ್ಲಿಯೇ ಇರುವುದರಿಂದ ಬೆರಳು ತಗಲಬಾರದು. ಪ್ರೊಸೆಸರಿನ ಅಂಚಿನ ಕಚ್ಚುಗಳನ್ನು ಹೊಂದಿಸಿ ಒತ್ತದೆ ಇರಿಸಬೇಕು. ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ, ಹೊಸದನ್ನು ಹೆಸರುಕಾಳಿನಷ್ಟು ಮಾತ್ರ ಇಡಬೇಕು. ಹೆಚ್ಚಾದರೆ ಅದೇ ಶಾಖಕ್ಕೆ ತಡೆ. ನಾಲ್ಕು ಗುಬಟಗಳೂ ಕಚ್ಚಿಕೊಂಡಿವೆಯೆಂದು ಬೋರ್ಡಿನ ಹಿಂಬದಿಯಿಂದ ನೋಡಿ, ಆಮೇಲೆ ಯಂತ್ರವನ್ನು ಚಾಲೂ ಮಾಡಿ, ಬಯಾಸಿನಲ್ಲಿ ಉಷ್ಣತೆಯನ್ನು ಓದಬೇಕು.

ಓವರ್‌ಕ್ಲಾಕಿಂಗನ್ನು ಪೂರ್ತಿಯಾಗಿ ಬಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ಕಲಿಯುವುದಕ್ಕೆ ಅದು ಉತ್ತಮ ಪ್ರಯೋಗ. ಅದಕ್ಕೆಂದೇ ಒಂದು ಯಂತ್ರವನ್ನು ಪ್ರತ್ಯೇಕಿಸಿ, ಯಾರ ಕಡತವೂ ಅದರಲ್ಲಿ ಇಲ್ಲದಂತೆ ನೋಡಿಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ, ಅದೂ ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು. ಉತ್ತರ ಮೊದಲೇ ತಿಳಿದಿರುವ ಗಣಿತವನ್ನು ಮಾಡಿಸಿ ತಪ್ಪು ಹಿಡಿಯುವ ಪ್ರೈಮ್95, ಸ್ಮೃತಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಮುಂತಾದವನ್ನು ಹಗಲಿರುಳು ನಡೆಸಬೇಕು. ಆ ಪರೀಕ್ಷೆಯನ್ನು ಏಪ್ರಿಲಿನಲ್ಲಿ ಮಾಡಬೇಕು, ಡಿಸೆಂಬರಿನಲ್ಲಲ್ಲ. 2008ರಿಂದೀಚೆಗೆ ಬಂದ ಹಲವು ಪ್ರೊಸೆಸರುಗಳು ತಮ್ಮ ಶಾಖವನ್ನು ತಾವೇ ಅಳೆದು, ಅವಕಾಶವಿದ್ದಷ್ಟು ಹೊತ್ತು ಮಾತ್ರ ವೇಗವನ್ನು ಏರಿಸಿ ಇಳಿಸಿಕೊಳ್ಳುತ್ತವೆ. ಮಿತಿಯ ಅರಿವನ್ನು ಯಂತ್ರಕ್ಕೇ ಕಲಿಸಿದ್ದಾರೆ.

ಕೊನೆಯದಾಗಿ

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ಈ ಹಳೆಯ ಪ್ರೊಸೆಸರುಗಳಿಲ್ಲ. ಆದರೆ ಹಗುರವಾದ ಲಿನಕ್ಸ್ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡದೊಡನೆ ಇವು ಇನ್ನೂ ಕೆಲವು ವರ್ಷ ಮಕ್ಕಳಿಗೆ ಅಕ್ಷರಸೇವೆ ಮಾಡಬಲ್ಲವು. ಇನ್ನೆಂದೂ ನಡೆಯದೆಂದಾದಾಗ ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ನೋಂದಾಯಿತ ಪುನರ್ಬಳಕೆದಾರರಿಗೆ ಒಪ್ಪಿಸುವುದು ಕರ್ತವ್ಯ.

ದಾನಿಗಳಲ್ಲಿ ಒಂದು ವಿನಂತಿ. ಯಂತ್ರವನ್ನು ಕೊಡುವಾಗ ಅದರ ಮದರ್‌ಬೋರ್ಡಿನ ಕೈಪಿಡಿಯಿದ್ದರೆ ಅದನ್ನೂ ಕೊಡಿ, ಜೊತೆಗೊಂದು ಎಸ್.ಎಸ್.ಡಿ. ಕೊಡಬಲ್ಲಿರಾದರೆ ಆ ಯಂತ್ರದ ಆಯುಷ್ಯ ಹೆಚ್ಚುತ್ತದೆ. ಸಹೋದ್ಯೋಗಿಗಳಲ್ಲಿಯೂ ಒಂದು ಮಾತು: ಮಕ್ಕಳ ಕೆಲಸದ ಪ್ರತಿಯನ್ನು ಪ್ರತಿ ಸಂಜೆ ಬೇರೊಂದೆಡೆ ತೆಗೆದಿಡೋಣ. ನಮ್ಮ ಕೊಠಡಿಯಲ್ಲಿ ಈಗ ಅದು ತಪ್ಪದ ನಿಯಮ. ಆ ವಿದ್ಯಾರ್ಥಿನಿ ಮತ್ತೆ ಸಂಗ್ರಹಿಸಿದ ಪದಗಳು ಮೂರು ಕಡೆ ಭದ್ರವಾಗಿವೆ. ಮರಳಿ ಬಾರದ ಪದಗಳಿಗೆ ಮಾತ್ರ ನಾನು ಉತ್ತರ ಹೇಳಲಾರೆ.